ಚೋಕ್ ಎಳೆದ ಮೇಲೆ ಎಕ್ಸಲೇಟರ್ ಮುಟ್ಟಬಾರದು

ನನ್ನ ಕೆಲಸ ಶುರುವಾಗುವುದು ಜನರ ಹೊಟ್ಟೆ ಖಾಲಿ ಇರುವಾಗ. ಸಿರುಗುಪ್ಪದ ಮನೆಯಿಂದ ಬೆಳಿಗ್ಗೆ ಐದೂವರೆಗೆ ಹೊರಟು, ತೆಕ್ಕಲಕೋಟೆ, ಸಿರಿಗೇರಿ, ಕುರುಗೋಡು ಹಾದು ಬಳ್ಳಾರಿಯ ಗಾಂಧಿನಗರದಲ್ಲಿರುವ ಲ್ಯಾಬು ಮುಟ್ಟುವಷ್ಟರಲ್ಲಿ ಏಳೆಂಟು ಮನೆಗಳಲ್ಲಿ ರಕ್ತ ತೆಗೆದಿರುತ್ತೇನೆ. ಸಕ್ಕರೆ ಕಾಯಿಲೆಯವರು, ಕಿಡ್ನಿ ತೊಂದರೆಯವರು, ಬಸ್ಸು ಹಿಡಿದು ಬಳ್ಳಾರಿಗೆ ಬಂದು ಸಾಲಿನಲ್ಲಿ ಕೂರಲಾರದವರು. ಹಿಂದಿನ ದಿನದ ಊಟವಾದ ಮೇಲೆ ನಾನು ಬಂದು ಸೂಜಿ ಚುಚ್ಚುವವರೆಗೆ ಅವರು ನೀರು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ನಾನು ಅರ್ಧ ತಾಸು ತಡಮಾಡಿದರೆ ಅಷ್ಟೂ ಜನ ಅರ್ಧ ತಾಸು ಹೆಚ್ಚು ಹಸಿದಿರುತ್ತಾರೆ.

ಹೋದ ಚಳಿಗಾಲ ಶುರುವಾಗುವ ಹೊತ್ತಿಗೆ ನನ್ನ ಸ್ಕೂಟರು ಕೈಕೊಟ್ಟಿತು. ಆ ಸಣ್ಣ ಗಾಲಿಗಳಿಗೆ ಸಿರಿಗೇರಿ ಕಡೆಯ ರಸ್ತೆ ಎಂದೂ ಒಗ್ಗಿರಲಿಲ್ಲ. ಬೈಕೇ ತಗೊಳ್ಳೋಣವೆಂದರೆ ನಾನು ಕುಳ್ಳಿ. ಯಾವ ಬೈಕಿನ ಮೇಲೆ ಕೂತರೂ ಕಾಲು ತುದಿಬೆರಳಲ್ಲಿ ನಿಲ್ಲುತ್ತಿತ್ತು. ಹಿಂದೆ ರಕ್ತದ ನಳಿಕೆಗಳ ಪೆಟ್ಟಿಗೆ ಕಟ್ಟಿಕೊಂಡು ಹಾಗೆ ನಿಲ್ಲುವುದು ಆಗದ ಮಾತು. ಆಗ ತೆಕ್ಕಲಕೋಟೆಯಲ್ಲಿ ಒಂದು ಹಳೇ ಕ್ರೂಸರ್ ಬೈಕು ಮಾರಾಟಕ್ಕಿದೆಯೆಂದು ಅಲ್ಲಿನ ರೋಗಿಯೊಬ್ಬರು ಹೇಳಿದರು. ಸೀಟು ತಗ್ಗು, ಹ್ಯಾಂಡಲ್ ಎತ್ತರ, ಕಾಲು ಮುಂದೆ ಚಾಚಿ ಕುರ್ಚಿಯಲ್ಲಿ ಕೂತಂತೆ ಕೂತು ಓಡಿಸುವ ಉದ್ದನೆಯ ಗಾಡಿ.

ಗಾಡಿಯ ಮಾಲೀಕರು ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಎಂಟು ತಿಂಗಳಿಂದ ಓಡಿಸಿಲ್ಲ, ಆದರೆ ಒರೆಸಿ ಇಟ್ಟಿದ್ದೇನೆ ಎಂದರು. ನಾನು ಕೂತು ನೋಡಿದೆ, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. "ಸೆಲ್ಫ್ ಒತ್ರಿ" ಅಂದರು. ಒತ್ತಿದ ತಕ್ಷಣ ಶುರುವಾಯಿತು. ಬೇರೇನು ನೋಡಬೇಕು? ಅದೇ ವಾರ ಗಾಡಿ ಸಿರುಗುಪ್ಪಕ್ಕೆ ಬಂತು.

ಮರುದಿನ ಬೆಳಿಗ್ಗೆ ನದಿ ಕಡೆಯಿಂದ ಮಂಜು ಬಂದು ಗದ್ದೆಗಳ ಮೇಲೆ ಕೂತಿತ್ತು. ಇದು ಕಾರ್ಬೊರೇಟರ್ ಇರುವ ಗಾಡಿ, ತಣ್ಣಗಿದ್ದಾಗ ಚೋಕ್ ಎಳೆಯಬೇಕು ಎಂಬಷ್ಟು ನನಗೆ ಗೊತ್ತಿತ್ತು. ಚೋಕ್ ಎಳೆದು, ಸ್ಕೂಟರಿನ ಅಭ್ಯಾಸದಂತೆ ಆಕ್ಸಿಲರೇಟರ್ ತಿರುವುತ್ತಾ ಸೆಲ್ಫ್ ಒತ್ತಿದೆ. ಗರ್ರ್ ಎಂದು ತಿರುಗಿತು, ಒಂದು ಸಲ ಹತ್ತಿಕೊಂಡಂತೆ ಮಾಡಿ ಆರಿತು. ಮತ್ತೆ ಒತ್ತಿದೆ. ಹತ್ತು ಸಲ ಒತ್ತಿರಬಹುದು. ಹೆಡ್‌ಲೈಟು ಕೆಂಪಗಾಗುತ್ತಾ ಬಂದು, ಕೊನೆಗೆ ಸೆಲ್ಫ್ ಒತ್ತಿದರೆ ಕಟಕ್ ಎಂಬ ಸದ್ದಷ್ಟೇ ಉಳಿಯಿತು. ಈ ಗಾಡಿಗೆ ಕಿಕ್ಕರ್ ಇಲ್ಲ. ಹಾಲು ಹಾಕುವವನೂ ಹೊಲಕ್ಕೆ ಹೊರಟಿದ್ದ ಇನ್ನೊಬ್ಬರೂ ಸೇರಿ ನೂಕಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಹೊಗೆ ಕಾರಿ ಶುರುವಾಯಿತು. ಅಷ್ಟೊತ್ತಿಗೆ ಮುಕ್ಕಾಲು ತಾಸು ಹೋಗಿತ್ತು.

ಸಿರಿಗೇರಿಯಲ್ಲಿ ನಾನು ರಕ್ತ ತೆಗೆಯಬೇಕಿದ್ದ ಮುದುಕಿಯೊಬ್ಬಳು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಆ ಚಳಿಯಲ್ಲಿ ಹಣೆ ತುಂಬ ಬೆವರು.

"ಗುಳಿಗಿ ತಗೊಂಡೀಯೇನವ್ವ?" ಎಂದು ಕೇಳಿದೆ.

"ಹೂಂನವ್ವ. ದಿನಾ ತಗೊಳ್ಳೋ ಹೊತ್ತಿಗೆ ತಗೊಂಡೆ. ನೀ ಬರ್ತೀ ಅಂತ ಏನೂ ತಿಂದಿಲ್ಲ."

ಬೆರಳ ತುದಿ ಚುಚ್ಚಿ ಯಂತ್ರದಲ್ಲಿ ನೋಡಿದೆ. ಸಕ್ಕರೆ ಐವತ್ತೆರಡಕ್ಕೆ ಇಳಿದಿತ್ತು. ಸೊಸೆಯನ್ನು ಕೂಗಿ ಸಕ್ಕರೆ ಕಲಸಿದ ನೀರು ತರಿಸಿ, ನಾನೇ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಸಕ್ಕರೆ ಕುಡಿದ ಮೇಲೆ ಅವತ್ತಿನ ಪರೀಕ್ಷೆ ಮಾಡುವಂತಿರಲಿಲ್ಲ. ಕಾಲು ತಾಸಿನಲ್ಲಿ ಆಕೆಯ ಕಣ್ಣು ತಿಳಿಯಾದವು. ನನ್ನ ಮುಖ ನೋಡಿ, "ನನ್ನಿಂದ ನಿನ್ನ ಕೆಲಸ ಕೆಟ್ಟಿತಲ್ಲವ್ವ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂದು ವಾರ ಹೀಗೆ ನೂಕಿಸಿಕೊಂಡೇ ಹೊರಟೆ. ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಂಜಿನ್ ಕಾದಿರುತ್ತಿತ್ತು, ಕಾದ ಎಂಜಿನ್ ಒಂದೇ ಒತ್ತಿಗೆ ಶುರುವಾಗುತ್ತಿತ್ತು. ಗ್ಯಾರೇಜಿನವನು ಕಾರ್ಬೊರೇಟರಿನ ಪಕ್ಕದ ಒಂದು ಸ್ಕ್ರೂ ತಿರುವಿ ಐಡ್ಲಿಂಗ್, ಅಂದರೆ ನಿಂತಲ್ಲೇ ಓಡುವ ವೇಗ, ಏರಿಸಿದ. "ಇನ್ನ ಬಂದ್ ಆಗಂಗಿಲ್ಲ ನೋಡ್ರಿ ಮೇಡಂ" ಅಂದ. ಬಂದ್ ಆಗಲಿಲ್ಲ, ನಿಜ. ಆದರೆ ಬೆಳಿಗ್ಗೆ ಶುರುವಾಗುವುದು ಇನ್ನೂ ಕಷ್ಟವಾಯಿತು. ಮೇಲಾಗಿ ಆಕ್ಸಿಲರೇಟರ್ ಬಿಟ್ಟರೂ ಗಾಡಿ ಮುಂದಕ್ಕೆ ಎಳೆಯತೊಡಗಿತು. ಎಮ್ಮೆಗಳು ಅಡ್ಡ ಬಂದಾಗ, ಗುಂಡಿ ಇಳಿಸುವಾಗ, ಬ್ರೇಕ್ ಹಿಡಿದರೂ ಜಗ್ಗಿ ಜಗ್ಗಿ ಹೋಗುತ್ತಿತ್ತು. ಒಂದೊಂದು ಜಗ್ಗಿಗೂ ಹಿಂದೆ ಕಟ್ಟಿದ ಪೆಟ್ಟಿಗೆಯೊಳಗೆ ನಳಿಕೆಗಳು ಟಕಟಕ ಎನ್ನುತ್ತಿದ್ದವು.

ಅದರ ಫಲ ಎರಡೇ ದಿನದಲ್ಲಿ ಬಂತು. ಲ್ಯಾಬಿನ ಡಾಕ್ಟರು ನನ್ನನ್ನು ಕರೆದು ಯಂತ್ರದಲ್ಲಿ ತಿರುಗಿಸಿದ ಮೂರು ನಳಿಕೆಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ರಕ್ತದ ಕೆಂಪು ಕೆಳಗೆ ಕೂತ ಮೇಲೆ ಮೇಲಿನ ದ್ರವ ಹುಲ್ಲಿನ ಬಣ್ಣದ ಹಳದಿಯಾಗಿರಬೇಕು. ಅವು ಮೂರೂ ಗುಲಾಬಿಯಾಗಿದ್ದವು. ಕುಲುಕಾಟಕ್ಕೆ ರಕ್ತದ ಕಣಗಳು ಒಡೆದಿದ್ದವು. ಹಾಗೆ ಒಡೆದರೆ ಪೊಟ್ಯಾಸಿಯಮ್ ಹೆಚ್ಚಿಲ್ಲದಿದ್ದರೂ ಹೆಚ್ಚಿದ್ದಂತೆ ತೋರಿಸುತ್ತದೆ. ಮೂರರಲ್ಲಿ ಒಂದು ಕುರುಗೋಡಿನ ನಿವೃತ್ತ ಮೇಷ್ಟ್ರದು, ಕಿಡ್ನಿ ಸೋತವರದು. ಅವರಿಗೆ ಆ ಒಂದು ಲೆಕ್ಕದ ಮೇಲೆಯೇ ಔಷಧಿ ತೀರ್ಮಾನವಾಗುತ್ತದೆ.

"ಮತ್ತೆ ತಗೊಂಡು ಬರ್ರಿ" ಅಂದರು ಡಾಕ್ಟರು. "ಮುಂದಿನ ವಾರನೂ ಹಿಂಗ ಆದ್ರ ಆ ಕಡೆ ಬ್ಯಾರೆಯವರನ್ನ ಕಳಸಬೇಕಾಗತೈತಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಆ ಮನುಷ್ಯಾಗ ಎಷ್ಟು ಸಲ ಚುಚ್ಚೋದು ಹೇಳ್ರಿ?"

ಕುರುಗೋಡಿಗೆ ವಾಪಸ್ಸು ಹೋದೆ. ಮೇಷ್ಟ್ರ ರಕ್ತನಾಳಗಳು ಒಳಗೆ ಅಡಗಿ ಕೂತಿರುತ್ತವೆ, ಎರಡು ಸಲ ಚುಚ್ಚಬೇಕಾಯಿತು. ಅವರು ಏನೂ ಕೇಳದೆ ತೋಳು ಚಾಚಿದರು. ಹೊರಗೆ ಬಂದು ಗಾಡಿ ತೆಗೆಯುವಾಗ ಕಾಲಿನ ಮೀನಖಂಡ ಬಿಸಿ ಎಂಜಿನಿಗೆ ತಾಗಿ ಚುರುಕ್ಕೆಂದಿತು. ಆ ಉರಿಯಲ್ಲೇ ಒಂದು ನೆನಪು ಬಂತು. ಗಾಡಿ ನೋಡಲು ಹೋದ ದಿನ, ಸೆಲ್ಫ್ ಒತ್ತುವ ಮೊದಲೇ, ನಾನು ಬಗ್ಗಿ ಎಂಜಿನ್ ನೋಡಿದ್ದೆ. ಆಗ ಮುಖಕ್ಕೆ ಬಿಸಿ ತಾಗಿತ್ತು. ಎಂಟು ತಿಂಗಳು ಓಡಿಸದ ಗಾಡಿಯ ಎಂಜಿನ್ ಬಿಸಿ ಯಾಕಿತ್ತು?

ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಸೀದಾ ತೆಕ್ಕಲಕೋಟೆಗೆ ಹೋದೆ. ಗಾಡಿ ವಾಪಸ್ಸು ಕೊಟ್ಟೇ ಬರುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದೆ. ಫಿಟ್ಟರು ಅಂಗಳದಲ್ಲಿ ಬೇವಿನ ನೆರಳಲ್ಲಿ ಕೂತಿದ್ದರು. ಅವರ ಹೆಂಡತಿ ನೀರು ತಂದುಕೊಟ್ಟರು. ಕುಡಿಯದೆ ಕೇಳಿದೆ.

"ಕಾಕಾರ, ಅವತ್ತು ನಾ ಬರೋದಕ್ಕಿಂತ ಮೊದ್ಲ ಗಾಡಿ ಚಾಲೂ ಮಾಡಿ ಕಾಸಿ ಇಟ್ಟಿದ್ರಿ. ಹೌದೋ ಅಲ್ಲೋ?"

ಅವರು ಹೆಂಡತಿಯ ಕಡೆ ನೋಡಿದರು. ಆಕೆ ನೆಲ ನೋಡಿದರು.

"ಹೌದು" ಅಂದರು. "ಇವತ್ತ ಗಾಡಿ ಇಲ್ಲೇ ಬಿಟ್ಟು ಹೋಗ್ರಿ. ನಾಳೆ ಐತವಾರ, ಮುಂಜಾನೆ ಬರ್ರಿ. ತಣ್ಣಗ ಇದ್ದಾಗ ನೋಡೋಣು."

ಬಸ್ಸಿನಲ್ಲಿ ಮನೆಗೆ ಹೋಗಿ, ಭಾನುವಾರ ಮೊದಲ ಬಸ್ಸಿಗೇ ಬಂದೆ. ಬ್ಯಾಟರಿ ಚಾರ್ಜಾಗಿತ್ತು. ಎಂಜಿನ್ ಮೇಲೆ ಕೈಯಿಟ್ಟು ನೋಡಿದೆ, ಕಲ್ಲಿನಂತೆ ತಣ್ಣಗಿತ್ತು. ಫಿಟ್ಟರು ಮಣೆಯೊಂದನ್ನು ಎಳೆದುಕೊಂಡು ಗಾಡಿಯ ಪಕ್ಕ ಕೂತು, ಚೋಕಿನ ಸಣ್ಣ ಗುಬಟು ಹಿಡಿಯಲು ಬಲಗೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು. ಗುಬಟು ಎರಡು ಸಲ ಜಾರಿತು. ಮೂರನೇ ಸಲ ಅವರು ಪ್ರಯತ್ನಿಸಲಿಲ್ಲ.

"ನೋಡಿದ್ರಲ್ಲ" ಅಂದರು. "ಅವತ್ತು ಈಕಿ ಕಡಿಂದ ಚಾಲೂ ಮಾಡಿಸಿ ಇಟ್ಟಿದ್ದೆ. ನಿಮಗ ಮೋಸ ಮಾಡಬೇಕಂತಲ್ಲ. ನಿಮ್ಮ ಮುಂದ ನಾ ಚೋಕ್ ಎಳಿಯೋ ಪ್ರಸಂಗ ಬರಬಾರದು ಅಂತ. ಮೂವತ್ತು ವರ್ಷ ಫಿಟ್ಟರ್ ಆಗಿದ್ದೋನು ನಾನು."

"ಎಲ್ಡು ಸಲ ಬೈಸಿಕೊಂಡು ಎಳದೀನಿ ನಾನು" ಎಂದರು ಹೆಂಡತಿ ಬಾಗಿಲಲ್ಲಿ ನಿಂತು.

ನನ್ನ ಸಿಟ್ಟು ಪೂರ್ತಿ ಹೋಗಲಿಲ್ಲ. ಸಿರಿಗೇರಿಯ ಆ ಬೆವರು ಇನ್ನೂ ಕಣ್ಣ ಮುಂದಿತ್ತು. ಆದರೆ ದಿನಾ ತೋಳುಗಳನ್ನೂ ಬೆರಳುಗಳನ್ನೂ ನೋಡುವವಳು ನಾನು. ಆ ನಡುಕ ಚಳಿಯದಲ್ಲ, ಬರೀ ವಯಸ್ಸಿನದೂ ಅಲ್ಲ ಎಂದು ಅನಿಸಿತು. ಅವರು, "ಬ್ಯಾಡಂದ್ರ ಗಾಡಿ ಬಿಟ್ಟು ಹೋಗ್ರಿ, ನಿಮ್ಮ ರೊಕ್ಕ ನಿಮಗ ಕೊಡ್ತೀನಿ" ಅಂದರು. ಬಿಟ್ಟು ಹೋದರೆ ಸೋಮವಾರಕ್ಕೆ ನನಗೆ ಯಾವ ಗಾಡಿಯೂ ಇಲ್ಲ. ಆ ಲೆಕ್ಕಾಚಾರವೂ ಇತ್ತು, ಸುಳ್ಳು ಹೇಳಬಾರದು. ಅದಕ್ಕಿಂತ ಹೆಚ್ಚಾಗಿ, ಈ ಗಾಡಿಯ ರೋಗ ತಿಳಿದವರು ಈ ಮನುಷ್ಯ ಒಬ್ಬರೇ ಎಂದು ತೋರಿತು.

"ನೀವು ಹೇಳ್ರಿ ಕಾಕಾರ. ನಾ ಬಿಚ್ಚತೀನಿ" ಅಂದೆ.

ಮೊದಲು ಗಾಡಿ ಶುರುಮಾಡಲು ಹೇಳಿದರು. ಶುರುವಾಗಲಿಲ್ಲ. ನಾಲ್ಕು ಸಲ ಒತ್ತಿಸಿ ಆಮೇಲೆ ಪ್ಲಗ್ಗು ಬಿಚ್ಚಿಸಿದರು. "ಒದ್ದಿ ಐತೋ, ಒಣಗೈತೋ?" ಎಂದು ಕೇಳಿದರು. ಮುಟ್ಟಿ ನೋಡಿದೆ, ಒಣಗಿತ್ತು. "ಹಂಗಾದ್ರ ಪೆಟ್ರೋಲ್ ಒಳಗ ಬರಾಕತ್ತಿಲ್ಲ. ಬ್ಯಾಟರಿದು, ಕರೆಂಟಿಂದು ತಪ್ಪಿಲ್ಲ." ಸ್ಪಾರ್ಕು ಹಾರುವುದನ್ನೂ ತೋರಿಸಿ ಅದನ್ನು ಖಾತ್ರಿ ಮಾಡಿಸಿದರು. ರೋಗಿ ಏನು ಹೇಳುತ್ತಾನೋ ಕೇಳದೆ ಮದ್ದು ಬರೆದುಕೊಟ್ಟಂತೆ ಗ್ಯಾರೇಜಿನವನು ಸ್ಕ್ರೂ ತಿರುವಿದ್ದ. ಇವರು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು, ಗಾಡಿ ಉತ್ತರ ಕೊಡುತ್ತಿತ್ತು.

ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ ಕಾಕ್ ಮುಚ್ಚಿಸಿ, ಕಾರ್ಬೊರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿಸಿದರು. ನಾಲ್ಕು ಸ್ಕ್ರೂ. ಬಟ್ಟಲ ತಳದಲ್ಲಿ ಒಣಗಿದ ಬೆಲ್ಲದ ಪಾಕದಂಥ ಅಂಟು. ಎಂಟು ತಿಂಗಳು ನಿಂತ ಪೆಟ್ರೋಲು ಆರಿ ಹಾಗಾಗಿತ್ತು. ಒಳಗೆ ಪೆಟ್ರೋಲು ಹಾಯುವ ತೂತಿನ, ಹಿತ್ತಾಳೆಯ ಎರಡು ಜೆಟ್ಟುಗಳು. ದೊಡ್ಡದನ್ನು ಆಕಾಶಕ್ಕೆ ಹಿಡಿದರೆ ತೂತಿನಲ್ಲಿ ಬೆಳಕು ಕಂಡಿತು. ಸಣ್ಣದು ಪೈಲಟ್ ಜೆಟ್. ಆಕ್ಸಿಲರೇಟರ್ ತಿರುವದೆ ಗಾಡಿ ನಿಂತಲ್ಲೇ ಓಡುವಾಗ ಪೆಟ್ರೋಲು ಬರುವುದು ಇದರಿಂದ. ಅದರಲ್ಲಿ ಏನೂ ಕಾಣಲಿಲ್ಲ.

ನಾನು ನನ್ನ ಚೀಲದಿಂದ ಅತಿ ಸಣ್ಣ ಸೂಜಿ ತೆಗೆದೆ.

"ಸೂಜಿ ಬ್ಯಾಡ" ಅಂದರು ಥಟ್ಟನೆ. "ಉಕ್ಕಿಂದು ಹಾಕಿದ್ರ ತೂತು ದೊಡ್ಡದಾಗತೈತಿ. ಆಮ್ಯಾಲ ಜಲ್ಮಪೂರ್ತಿ ಪೆಟ್ರೋಲ್ ಕುಡಿತೈತಿ ಅದು."

ಹೆಂಡತಿ ಹಳೆಯ ವೈರಿನ ತುಂಡು ತಂದರು. ಅದರ ತಾಮ್ರದ ಎಳೆಗಳಲ್ಲಿ ಒಂದೇ ಒಂದನ್ನು ಬಿಡಿಸಿ ಜೆಟ್ಟಿನೊಳಗೆ ತೂರಿಸತೊಡಗಿದೆ. ಕಾಣದ ನಾಳವನ್ನು ಬೆರಳಿನಲ್ಲಿ ಹುಡುಕುವುದು ನನ್ನ ದಿನದ ಕೆಲಸ. ಎಳೆ ತಡೆದಲ್ಲಿ ಒತ್ತಲಿಲ್ಲ, ಹಿಂದೆಗೆದು ಸ್ವಲ್ಪ ತಿರುವಿ ಮತ್ತೆ ಬಿಟ್ಟೆ. ಕಾಲು ತಾಸಾದ ಮೇಲೆ ಎಳೆ ಆಚೆಗೆ ಬಂತು. ಪೆಟ್ರೋಲಿನಲ್ಲಿ ತೊಳೆದು, ಊದಿ, ಆಕಾಶಕ್ಕೆ ಹಿಡಿದೆ. ಸೂಜಿಮೊನೆಯಷ್ಟು ಬೆಳಕು ಕಂಡಿತು. ಅವರಿಗೂ ತೋರಿಸಿದೆ. "ನಿಮ್ಮ ಕೈ ಛಲೋ ಅದಾವು" ಅಂದರು ಫಿಟ್ಟರು. ಆ ಮಾತು ಹೇಳುವಾಗ ತಮ್ಮ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಎಲ್ಲ ಜೋಡಿಸಿದ ಮೇಲೆ ಗ್ಯಾರೇಜಿನವನು ಏರಿಸಿದ್ದ ಐಡ್ಲಿಂಗ್ ಸ್ಕ್ರೂ ಇಳಿಸಲು ಹೇಳಿದರು. ಆಮೇಲೆ ಕಲಿಸಿದ್ದು ಶುರುಮಾಡುವ ಕ್ರಮ. ಕಾಕ್ ತೆರೆ. ಬಟ್ಟಲು ತುಂಬುವಷ್ಟು ಹೊತ್ತು, ನೂರು ಎಣಿಸು. ಚೋಕ್ ಪೂರ್ತಿ ಎಳೆ. ಬಲಗೈ ಆಕ್ಸಿಲರೇಟರ್ ಮೇಲಿಂದ ತೆಗೆ.

"ಯಾಕ ತಿರುವಬಾರದು ಗೊತ್ತೇನು? ಚೋಕ್ ಪೆಟ್ರೋಲ್ ಎಳಕೊಳ್ಳೋದು ಎಂಜಿನ್ ಉಸುರು ಬಿಗಿ ಹಿಡದಾಗ. ನೀವು ಎಕ್ಸಲೇಟರ್ ತಿರುವಿದ್ರ ಬಾಗಲಾ ತೆಗದಂಗ. ಬರೀ ಗಾಳಿ ಕುಡಿತೈತಿ. ಆ ಗ್ಯಾರೇಜಿನಂವ ಐಡ್ಲಿಂಗ್ ಏರಿಸಿ ಅದ ಬಾಗಲಾ ಕಾಯಂ ಆಗಿ ಅರ್ಧ ತೆಗದಿಟ್ಟಿದ್ದ."

ಇಷ್ಟು ದಿನ ನಾನು ಮಾಡುತ್ತಿದ್ದ ಅವಸರವೆಲ್ಲ ಗಾಡಿಗೆ ಅಡ್ಡವಾಗಿಯೇ ಇತ್ತು. ಕೈ ತೊಡೆಯ ಮೇಲಿಟ್ಟು ಸೆಲ್ಫ್ ಒತ್ತಿದೆ. ಐದು ಎಣಿಸುವಷ್ಟರಲ್ಲಿ ಎಂಜಿನ್ ಹತ್ತಿಕೊಂಡಿತು. ತಿರುವಬೇಕೆಂದು ಕೈ ಎದ್ದಿತು, ತಡೆದುಕೊಂಡೆ. ಸದ್ದು ಏರಿ, ಸ್ವಲ್ಪ ತಡವರಿಸಿ, ಒಂದೇ ಸಮನಾಯಿತು. ಫಿಟ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಈಗ ಚೋಕ್ ಅರ್ಧ ಒಳಗ." ಸ್ವಲ್ಪ ಹೊತ್ತು ಬಿಟ್ಟು, "ಈಗ ಪೂರ್ತಿ." ಎಂಜಿನ್ ಕಾದ ಮೇಲೆ ಗಾಳಿಯ ಸ್ಕ್ರೂ ಹೇಳಿಹೇಳಿ ತಿರುವಿಸಿದರು. "ಇನ್ನ ಕಾಲು ಸುತ್ತು ಹೊರಗ. ಜಾಸ್ತಿ ಆತು, ಹಿಂದ ಬರ್ರಿ. ಹಾಂ, ಅಲ್ಲೇ ಬಿಡ್ರಿ." ಎರಡು ಸಲ ಬಂದ್ ಮಾಡಿ, ಆರಲು ಬಿಟ್ಟು, ಮತ್ತೆ ಶುರುಮಾಡಿಸಿದ ಮೇಲೆ ಹೆಂಡತಿ ಒಗ್ಗರಣಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಫಿಟ್ಟರು ನಮ್ಮ ಜೊತೆ ತಿನ್ನಲಿಲ್ಲ. ಆಮೇಲೆ ತಿಂತೀನಿ ಎಂದು ಒಳಗೆ ಹೋದರು.

ಸೋಮವಾರ ಐದೂವರೆಗೆ ಶುರುವಾಯಿತು. ಸಿರಿಗೇರಿಗೆ ಹೊತ್ತಿಗೆ ಮುಂಚೆಯೇ ಹೋದೆ. ಆ ಅವ್ವ ಇನ್ನೂ ಮುಖ ತೊಳೆಯುತ್ತಿದ್ದಳು. ರಕ್ತ ತೆಗೆದು, ನನ್ನ ಎದುರಿಗೇ ರೊಟ್ಟಿ ತಿನ್ನಿಸಿ, ಗುಳಿಗೆ ನುಂಗಿಸಿ ಹೊರಟೆ. ಬುಧವಾರ ಮತ್ತೆ ಕೈಕೊಟ್ಟಿತು. ಗಾಬರಿಯಲ್ಲಿ ಫಿಟ್ಟರಿಗೆ ಫೋನ್ ಮಾಡಿದೆ. "ಕಾಕ್ ತೆಗದೀರೇನು?" ಎಂದರು. ತೆಗೆದಿರಲಿಲ್ಲ. ಆ ವಾರದ ಕೊನೆಗೆ ಲ್ಯಾಬಿನ ಡಾಕ್ಟರು ಮೇಷ್ಟ್ರ ನಳಿಕೆಯನ್ನು ಬೆಳಕಿಗೆ ಹಿಡಿದರು. ಮೇಲಿನ ದ್ರವ ತಿಳಿಹಳದಿಯಾಗಿತ್ತು. "ಈಗ ಬರೋಬರಿ ಐತಿ" ಎಂದು ಕೆಳಗಿಟ್ಟರು. ಬೇರೆಯವರನ್ನು ಕಳಿಸುವ ಮಾತು ಮತ್ತೆ ಬರಲಿಲ್ಲ.

ತೆಕ್ಕಲಕೋಟೆಯಲ್ಲಿ ಫಿಟ್ಟರ ಹೆಂಡತಿಗೂ ಸಕ್ಕರೆ ಕಾಯಿಲೆಯಿತ್ತು. ಅದನ್ನು ನೋಡಲೆಂದು ಹದಿನೈದು ದಿನಕ್ಕೊಮ್ಮೆ ಹೋಗತೊಡಗಿದೆ. ಹೋದಾಗಲೆಲ್ಲ ನರದ ಡಾಕ್ಟರಿಗೆ ತೋರಿಸಿರೆಂದು ಫಿಟ್ಟರಿಗೆ ಹೇಳುತ್ತಿದ್ದೆ. "ವಯಸ್ಸಿಂದು, ಬಿಡ್ರಿ" ಎನ್ನುತ್ತಿದ್ದರು. ಒಂದು ದಿನ ಹೆಂಡತಿ ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದರು. "ಇವ್ರಿಗೆ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ಲವ್ವ. ನಾನ ಹಾಕ್ತೀನಿ. ಮಂದಿ ಮುಂದ ಚಾ ಕುಡಿಯೋದು ಬಿಟ್ಟಾರ. ಬಸ್ಸಿನಾಗ ಯಾರರ ಗುರ್ತಿನವ್ರು ಸಿಗ್ತಾರಂತ ಬಳ್ಳಾರಿಗೂ ಹೋಗವಲ್ರು."

ನಾನು ಅಂಗಳಕ್ಕೆ ಬಂದು, "ಕಾಕಾರ, ಬಸ್ ಬ್ಯಾಡ. ನನ್ನ ಹಿಂದ ಕುಂದರ್ರಿ. ಹೆಲ್ಮೆಟ್ ಹಾಕ್ಕೊಂಡ್ರ ಯಾರಿಗೆ ಗೊತ್ತಾಗತೈತಿ?" ಎಂದೆ. ಅವರು ಗಾಡಿಯನ್ನು ನೋಡಿದರು.

ಹೊರಟದ್ದು ಒಂದು ಭಾನುವಾರ. ಭಾನುವಾರವೂ ನೋಡುವ ಒಬ್ಬ ನರದ ಡಾಕ್ಟರು ಬಳ್ಳಾರಿಯಲ್ಲಿದ್ದರು. ಪೆಟ್ಟಿಗೆ ಕಟ್ಟುವ ಜಾಗ ಖಾಲಿ ಮಾಡಿದ್ದೆ. ಅವರ ಹೆಲ್ಮೆಟ್ಟಿನ ಪಟ್ಟಿ ನಾನೇ ಹಾಕಿದೆ, ಅವರು ಬೇಡವೆನ್ನಲಿಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಗಳ ನಡುವೆ ನಿಧಾನವಾಗಿ ಹೋದೆ. ಅವರ ಒಂದು ಕೈ ನನ್ನ ಭುಜದ ಮೇಲಿತ್ತು. ಸಿರಿಗೇರಿ ಕ್ರಾಸ್ ದಾಟಿದ ಮೇಲೆ ಕೇಳಿದೆ, "ಹೆಂಗ ಐತ್ರಿ ಗಾಡಿ?"

"ಹಿಂದ ಕುಂತಿದ್ದಿಲ್ಲ ನಾ ಯಾವತ್ತೂ" ಅಂದರು.

ಡಾಕ್ಟರು ವಯಸ್ಸಿನಲ್ಲಿ ಅವರಿಗಿಂತ ಬಹಳ ಚಿಕ್ಕವರು. ನಡೆಸಿ ನೋಡಿದರು, ಬೆರಳು ಬಡಿಸಿ ನೋಡಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಆಮೇಲೆ ಪೆನ್ನು ತೆಗೆದುಕೊಂಡು, "ಯಾವಾಗಿಂದ ಹಿಂಗ ಐತಿ ಯಜಮಾನ್ರ?" ಎಂದು ಕೇಳಿದರು.

"ಎರಡು ತಿಂಗಳಿಂದ" ಅಂದರು ಫಿಟ್ಟರು.

ಡಾಕ್ಟರು ಬರೆಯಲು ಬಗ್ಗಿದರು. ಎಂಟು ತಿಂಗಳು ನಿಂತಿದ್ದ ಗಾಡಿಯ ನೆನಪಾಯಿತು. ಆದರೆ ಅದು ನಾನು ಹೇಳುವ ಮಾತಲ್ಲ. ಹೊರಗಿನ ಸಾಲಿನಲ್ಲಿ ಯಾರೋ ಮುಂದಿನ ಚೀಟಿಯ ನಂಬರು ಕೂಗುತ್ತಿದ್ದರು.

"ಅಲ್ರಿ" ಅಂದರು ಫಿಟ್ಟರು. ಡಾಕ್ಟರು ತಲೆಯೆತ್ತಿದರು. "ಎರಡು ವರ್ಷ ಆತು. ಯಾರಿಗೂ ಹೇಳಿಲ್ಲ. ಸರಿಯಾಗಿ ಬರ್ಕೊಳ್ರಿ."